ವಿಜ್ಞಾನ ಕಥೆಗಳಲ್ಲಿ ಸರ್ಕಾರ ಸತ್ಯವನ್ನು ಏಕೆ ಬಚ್ಚಿಡುತ್ತದೆ?

ವಿಜ್ಞಾನ ಕಥೆಗಳ ಬಗ್ಗೆ ನಾನು ಬರೆಯುತ್ತೇನೆಂದು ತಿಳಿದವರು ಹೆಚ್ಚಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: ಈ ಕಥೆಗಳಲ್ಲಿ ಸರ್ಕಾರ ಸದಾ ಏನನ್ನೋ ಮುಚ್ಚಿಡುತ್ತದೆ, ಯಾರೋ ಒಬ್ಬ ವಿಜ್ಞಾನಿ ಅದನ್ನು ಕಂಡು ನಂಬಿಕೆ ಕಳೆದುಕೊಳ್ಳುತ್ತಾನೆ, ಇದು ಸವೆದುಹೋದ ಸೂತ್ರವಲ್ಲವೇ? ಇಂದು ಬರುವ ಎಷ್ಟೋ ಸಿನಿಮಾಗಳ ಮಟ್ಟಿಗೆ ಈ ಆಕ್ಷೇಪಣೆಯನ್ನು ನಾನು ಒಪ್ಪುತ್ತೇನೆ. ಆದರೆ ಅದು ಸೂತ್ರವಾಗುವ ಮೊದಲು ಏನಾಗಿತ್ತು ಎಂಬುದನ್ನು ತಿಳಿಯಬೇಕಾದರೆ 1954ರ ಜಪಾನಿನತ್ತ, ಮಕ್ಕಳ ಮನರಂಜನೆಯೆಂದು ಬಹಳ ಮಂದಿ ಪಕ್ಕಕ್ಕಿಡುವ ‘ಗಾಡ್ಜಿಲ್ಲಾ’ ಎಂಬ ದೈತ್ಯ ಪ್ರಾಣಿಯ ಚಿತ್ರದತ್ತ ನೋಡಬೇಕು.

ಆ ವರ್ಷ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಬಿಕಿನಿ ಹವಳದ್ವೀಪದಲ್ಲಿ ‘ಬ್ರಾವೊ’ ಎಂಬ ಜಲಜನಕ ಬಾಂಬನ್ನು ಸ್ಫೋಟಿಸಿತು. ಅದರ ಶಕ್ತಿ ಸುಮಾರು 15 ಮೆಗಾಟನ್, ಎಂದರೆ ವಿಜ್ಞಾನಿಗಳು ಲೆಕ್ಕ ಹಾಕಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಘೋಷಿತ ಅಪಾಯ ವಲಯದ ಹೊರಗೆ ಟ್ಯೂನಾ ಹಿಡಿಯುತ್ತಿದ್ದ ‘ಡೈಗೊ ಫುಕುರ್ಯು ಮಾರು’ ದೋಣಿಯ 23 ಮೀನುಗಾರರ ಮೇಲೆ ಸುಟ್ಟ ಹವಳದ ಬಿಳಿ ಬೂದಿ ಗಂಟೆಗಟ್ಟಲೆ ಸುರಿಯಿತು. ಎರಡು ವಾರಗಳ ನಂತರ ಅವರು ಯಾಯ್ಜು ಬಂದರಿಗೆ ಮರಳುವಷ್ಟರಲ್ಲಿ ಚರ್ಮ ಸುಟ್ಟಿತ್ತು, ಕೂದಲು ಉದುರುತ್ತಿತ್ತು. ಅಮೆರಿಕದ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್, ದೋಣಿಯು ಅಪಾಯ ವಲಯದ ಒಳಗೇ ಇದ್ದಿರಬೇಕೆಂದೂ ಗಾಯಗಳಿಗೆ ವಿಕಿರಣಕ್ಕಿಂತ ಹವಳದ ರಾಸಾಯನಿಕ ಗುಣವೇ ಕಾರಣವಿರಬಹುದೆಂದೂ ಪತ್ರಕರ್ತರ ಮುಂದೆ ಹೇಳಿದರು. ಎರಡೂ ಸುಳ್ಳಾಗಿದ್ದವು. ಸೆಪ್ಟೆಂಬರ್ 23ರಂದು ದೋಣಿಯ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮಾ ತೀರಿಕೊಂಡರು. ಮುಂದಿನ ಜನವರಿಯಲ್ಲಿ ಅಮೆರಿಕವು ಕಾನೂನಿನ ಹೊಣೆಯನ್ನು ಒಪ್ಪಿಕೊಳ್ಳದೆಯೇ 20 ಲಕ್ಷ ಡಾಲರ್ ಕೊಟ್ಟಿತು. ಅಲ್ಲಿಗೆ ವಿಷಯ ಮುಗಿಯಿತೆಂದು ಜಪಾನ್ ಸರ್ಕಾರವೂ ಒಪ್ಪಿತು. ಅದೇ ಕಡಲಿನಲ್ಲಿದ್ದ ಇತರ ದೋಣಿಗಳ ವಿಕಿರಣ ತಪಾಸಣೆಯ ದಾಖಲೆಗಳನ್ನು ಜಪಾನಿನ ಆರೋಗ್ಯ ಸಚಿವಾಲಯವು ಬಹಿರಂಗಪಡಿಸಿದ್ದು 2014ರಲ್ಲಿ.

ಕುಬೊಯಾಮಾ ಸತ್ತು ಆರು ವಾರ ಕಳೆಯುವಷ್ಟರಲ್ಲಿ, ನವೆಂಬರ್ 3ರಂದು, ಇಶಿರೊ ಹೋಂಡಾ ನಿರ್ದೇಶಿಸಿದ ‘ಗಾಡ್ಜಿಲ್ಲಾ’ ತೆರೆಕಂಡಿತು. ಚಿತ್ರ ತೊಡಗುವುದೇ ಸಮುದ್ರದಲ್ಲಿ ಕಣ್ಣು ಕೋರೈಸುವ ಬೆಳಕಿನಲ್ಲಿ ಮುಳುಗುವ ಹಡಗಿನಿಂದ. ಯಾವ ದುರಂತದ ನೆನಪು ಅದೆಂದು ಅಂದಿನ ಪ್ರೇಕ್ಷಕರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಆದರೆ ನನ್ನ ಉತ್ತರದ ತಿರುಳು ಇರುವುದು ಸಂಸತ್ತಿನ ಸಮಿತಿಯ ದೃಶ್ಯದಲ್ಲಿ. ಜಲಜನಕ ಬಾಂಬ್ ಪರೀಕ್ಷೆಗಳೇ ಈ ಪ್ರಾಣಿಯನ್ನು ಕಡಲಾಳದಿಂದ ಹೊರಗಟ್ಟಿವೆಯೆಂದು ಪ್ರೊಫೆಸರ್ ಯಮಾನೆ ಪುರಾವೆಸಹಿತ ಹೇಳಿದೊಡನೆ ಸದಸ್ಯರೊಬ್ಬರು ಎದ್ದು, ಈ ವರದಿ ಹೊರಬಿದ್ದರೆ ವಿದೇಶಾಂಗ ಸಂಬಂಧ ಕೆಡುತ್ತದೆ, ಜನ ಗಾಬರಿಗೊಳ್ಳುತ್ತಾರೆ, ಆದ್ದರಿಂದ ಪ್ರಕಟಿಸಕೂಡದೆಂದು ವಾದಿಸುತ್ತಾರೆ. ಸತ್ಯವನ್ನು ಜನರಿಗೆ ತಿಳಿಸಲೇಬೇಕೆಂದು ಅವರ ಮೇಲೆ ಸಿಡಿದೇಳುವವರು ಮಹಿಳಾ ಸದಸ್ಯರು. ಅದೇ ವರ್ಷ ಟೋಕಿಯೋದ ಸುಗಿನಾಮಿಯ ಗೃಹಿಣಿಯರು ಮುಂದೆ ನಿಂತು ಆರಂಭಿಸಿದ ಬಾಂಬ್ ವಿರೋಧಿ ಸಹಿ ಸಂಗ್ರಹವು 1955ರ ಹೊತ್ತಿಗೆ 3 ಕೋಟಿ ದಾಟಿತು ಎಂಬುದನ್ನು ನೆನೆದರೆ, ಆ ದನಿ ಎಲ್ಲಿಂದ ಬಂತೆಂಬುದು ತಿಳಿಯುತ್ತದೆ. ನಮ್ಮ ಲೋಕಸಭೆಯಲ್ಲೂ 1954ರ ಏಪ್ರಿಲ್ 2ರಂದು ನೆಹರೂ ಅವರು ಪರೀಕ್ಷೆಗಳನ್ನು ನಿಲ್ಲಿಸಬೇಕೆಂದು ಕೇಳಿದ್ದಷ್ಟೇ ಅಲ್ಲ, ಈ ಅಸ್ತ್ರಗಳ ನಾಶಕ ಶಕ್ತಿ ಮತ್ತು ಪರಿಣಾಮಗಳನ್ನು ಪೂರ್ತಿಯಾಗಿ ಜಗತ್ತಿನ ಮುಂದಿಡಬೇಕೆಂದೂ ಒತ್ತಾಯಿಸಿದ್ದರು.

1956ರಲ್ಲಿ ಅಮೆರಿಕದ ಪ್ರೇಕ್ಷಕರಿಗೆಂದು ಇದೇ ಚಿತ್ರವನ್ನು ಕತ್ತರಿಸಿ, ಅಮೆರಿಕನ್ ಪತ್ರಕರ್ತನ ಪಾತ್ರವೊಂದನ್ನು ಸೇರಿಸಿ ಬಿಡುಗಡೆ ಮಾಡಿದಾಗ, ಸಂಸತ್ತಿನ ಆ ಜಗಳವನ್ನು ಕಿತ್ತುಹಾಕಲಾಯಿತು. ಸತ್ಯವನ್ನು ಮುಚ್ಚಿಡಬಾರದೆಂಬ ದೃಶ್ಯವನ್ನೇ ಮುಚ್ಚಿಟ್ಟದ್ದು ನನ್ನನ್ನು ಇಂದಿಗೂ ಕಾಡುತ್ತದೆ.

ಇನ್ನು ಭ್ರಮನಿರಸನದ ಮಾತು. ಇಷ್ಟೊಂದು ವಿಕಿರಣವನ್ನು ತಾಳಿಕೊಂಡು ಆ ಜೀವಿ ಹೇಗೆ ಬದುಕಿದೆಯೆಂದು ಅರಿಯುವುದು ಯಮಾನೆಯವರ ಹಂಬಲ; ಅಧಿಕಾರಿಗಳಿಗೆ ಬೇಕಾಗಿರುವುದು ಕೊಲ್ಲುವ ದಾರಿ ಮಾತ್ರ. ಆದರೆ ಯಮಾನೆಯವರಿಗಿಂತ ಆಳವಾಗಿ ಬೆಂದವನು ಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡ ಯುವ ವಿಜ್ಞಾನಿ ಸೆರಿಝಾವಾ. ಆಮ್ಲಜನಕದ ಸಂಶೋಧನೆಯಲ್ಲಿ ತೊಡಗಿದ್ದಾಗ ಜಲಚರಗಳನ್ನೆಲ್ಲ ಕ್ಷಣದಲ್ಲಿ ಕೊಲ್ಲುವ ವಸ್ತುವೊಂದು ಅವನಿಗೆ ಅಕಸ್ಮಾತ್ತಾಗಿ ಸಿಕ್ಕಿದೆ. ಒಮ್ಮೆ ಅದನ್ನು ಬಳಸಿದರೆ ಜಗತ್ತಿನ ರಾಜಕಾರಣಿಗಳು ಅದನ್ನು ಅಸ್ತ್ರವಾಗಿಸದೆ ಬಿಡುವುದಿಲ್ಲ, ಟಿಪ್ಪಣಿಗಳನ್ನು ಸುಟ್ಟರೂ ತಲೆಯಲ್ಲಿರುವುದನ್ನು ಬಲವಂತದಿಂದ ಹೊರತೆಗೆದಾರು ಎಂಬುದು ಅವನ ಭಯ. ಆದ್ದರಿಂದ ಕಾಗದಗಳನ್ನು ಸುಟ್ಟು, ಗಾಡ್ಜಿಲ್ಲಾವನ್ನು ಕೊಂದು, ತಾನೂ ಕಡಲ ತಳದಲ್ಲೇ ಉಳಿಯುತ್ತಾನೆ. ಗಮನಿಸಿ, ಇಲ್ಲಿ ಸತ್ಯವನ್ನು ಬಚ್ಚಿಡುವವನು ಸರ್ಕಾರದ ಮನುಷ್ಯ ಮಾತ್ರವಲ್ಲ, ಚಿತ್ರದ ಅತ್ಯಂತ ನೈತಿಕ ವ್ಯಕ್ತಿಯೂ ಹೌದು. ಸರ್ಕಾರದವರು ಮುಚ್ಚಿಟ್ಟದ್ದರ ಬೆಲೆಯನ್ನು ಎಲ್ಲೋ ಇರುವ ಜನ ತೆರಬೇಕಾಗುತ್ತದೆ. ಸೆರಿಝಾವಾ ಅದನ್ನು ತಾನೇ ತೆರುತ್ತಾನೆ.

ಈ ಇಕ್ಕಟ್ಟನ್ನು ಕೈಬಿಟ್ಟ ಕಥೆಗಳಲ್ಲಿಯೇ ಅದು ಸೂತ್ರವಾಗುತ್ತದೆ: ಕಡತವೊಂದು ಬಯಲಾಗುತ್ತದೆ, ಖಳ ಅಧಿಕಾರಿ ಸಿಕ್ಕಿಬೀಳುತ್ತಾನೆ, ಪ್ರೇಕ್ಷಕ ನಿಶ್ಚಿಂತನಾಗಿ ಮನೆಗೆ ಹೋಗುತ್ತಾನೆ. ಹೋಂಡಾರ ಚಿತ್ರದಲ್ಲಿ ಯಾರಿಗೂ ಶಿಕ್ಷೆಯಾಗುವುದಿಲ್ಲ, ಪರೀಕ್ಷೆಗಳೂ ನಿಲ್ಲುವುದಿಲ್ಲ. ಪರೀಕ್ಷೆಗಳು ಮುಂದುವರಿದರೆ ಇಂಥದೇ ಇನ್ನೊಂದು ಪ್ರಾಣಿ ಎಲ್ಲಿಯಾದರೂ ಏಳಬಹುದೆಂದು ಯಮಾನೆ ಹೇಳಿಕೊಳ್ಳುತ್ತಾರೆ. ಆದ್ದರಿಂದ ಈ ಪ್ರಶ್ನೆ ಕೇಳಿದವರಿಗೆಲ್ಲ, ಸುಮಾರು 80 ನಿಮಿಷಗಳ ಅಮೆರಿಕನ್ ಆವೃತ್ತಿಯನ್ನು ಬಿಟ್ಟು 96 ನಿಮಿಷಗಳ ಜಪಾನೀ ಮೂಲವನ್ನೇ ನೋಡಬೇಕೆಂದು ಕೇಳಿಕೊಳ್ಳುತ್ತೇನೆ.