ಕಿರಿಯರ ಕೈಗೆ ನಗದು ಪುಸ್ತಕ: ನಮ್ಮ ಸಂಘದ ಪ್ರಯತ್ನದ ಪ್ರಗತಿ ವರದಿ

ಹಾಸನ ಜಿಲ್ಲೆ ಬೇಲೂರು ತಾಲ್ಲೂಕಿನ ಅರೇಹಳ್ಳಿ ಕಡೆಯ ನಮ್ಮ ಊರಿನಲ್ಲಿ ಒಂದು ಚಿಕ್ಕ ಸಂಘವಿದೆ. ವಾಚನಾಲಯ ನಡೆಸುವುದು, ಬೇಸಿಗೆಯಲ್ಲಿ ಮಕ್ಕಳ ಶಿಬಿರ ಏರ್ಪಡಿಸುವುದು, ಕೆರೆ ಏರಿಯ ಮೇಲಿನ ಗಿಡಗಂಟಿಗಳನ್ನು ವರ್ಷಕ್ಕೊಮ್ಮೆ ಸವರಿಸುವುದು, ಇಷ್ಟೇ ಅದರ ಕೆಲಸ. ಕಾರ್ಯಕಾರಿ ಸಮಿತಿಯಲ್ಲಿ ಐವತ್ತು ದಾಟಿದವರೇ ಹೆಚ್ಚು; ದುಡಿಯುವವರು ಮಾತ್ರ ಪಿಯುಸಿ ಮತ್ತು ಪದವಿ ತರಗತಿಗಳ ವಿದ್ಯಾರ್ಥಿಗಳು. ಕುರ್ಚಿ ಜೋಡಿಸುವ, ಪ್ರಾರ್ಥನೆ ಹಾಡುವ, ವಂದನಾರ್ಪಣೆ ಓದುವ ಈ ಹುಡುಗ ಹುಡುಗಿಯರನ್ನು ತೀರ್ಮಾನ ತೆಗೆದುಕೊಳ್ಳುವ ಜಾಗಕ್ಕೆ ತರಬೇಕೆಂದು ಕಳೆದ ಜೂನ್‌ನಲ್ಲಿ ಆರಂಭಿಸಿದ ಪ್ರಯತ್ನದ ದಾಖಲೆ ಇದು.

ಜೂನ್

ಮೊದಲು ಎದುರಾದದ್ದು ವಯಸ್ಸಿನ ಪ್ರಶ್ನೆ. ನಮ್ಮ ಬೈಲಾದಂತೆ ಹದಿನೆಂಟು ತುಂಬದವರು ಸದಸ್ಯರಾಗುವಂತಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಅಪ್ರಾಪ್ತ ವಯಸ್ಕರು ಕರಾರು ಮಾಡಿಕೊಳ್ಳಲು ಅರ್ಹರಲ್ಲವಾದ್ದರಿಂದ, ಶಾಮಿಯಾನದವರೊಂದಿಗಿನ ಒಪ್ಪಂದಕ್ಕೂ ಹಿರಿಯರೊಬ್ಬರ ಸಹಿ ಬೇಕು. ಆದರೆ ಸಹಿ ಒಬ್ಬರದಾಗಿ ತೀರ್ಮಾನ ಮತ್ತೊಬ್ಬರದಾಗಲು ಯಾವ ಕಾನೂನಿನ ಅಡ್ಡಿಯೂ ಇಲ್ಲ. ಸರ್ವ ಸದಸ್ಯರ ಸಭೆಯಲ್ಲಿ ನಿರ್ಣಯ ಮಂಡಿಸಿ, ಹದಿನಾರರಿಂದ ಇಪ್ಪತ್ತೈದು ವರ್ಷದವರ ಉಪಸಮಿತಿಯೊಂದನ್ನು ರಚಿಸಿ, ವಾಚನಾಲಯ ಮತ್ತು ಶಿಬಿರದ ಬಾಬ್ತಿನ ಹಣವನ್ನು ಅದರ ವಶಕ್ಕೆ ಕೊಟ್ಟೆವು. ಉಪಸಮಿತಿ ಒಪ್ಪಿದ ಖರ್ಚಿನ ಚೆಕ್ಕಿಗೆ ಖಜಾಂಚಿಯವರು ಸಹಿ ಹಾಕಬೇಕು. ಹಾಕುವುದಿಲ್ಲವೆಂದರೆ ಅದಕ್ಕೆ ಕಾರಣವನ್ನು ನಡಾವಳಿ ಪುಸ್ತಕದಲ್ಲಿ ಬರೆಯಬೇಕು.

ಈ ಕೊನೆಯ ಷರತ್ತಿಗಾಗಿಯೇ ನಾನು ಹೆಚ್ಚು ವಾದಿಸಿದೆ. ಕಿರಿಯರ ಪ್ರಸ್ತಾಪಗಳನ್ನು ನಮ್ಮಲ್ಲಿ ಯಾರೂ ನೇರವಾಗಿ ತಿರಸ್ಕರಿಸುವುದಿಲ್ಲ, "ನೋಡೋಣ" ಎನ್ನುತ್ತಾರೆ. "ನೋಡೋಣ" ಎಂಬುದನ್ನು ನಡಾವಳಿಯಲ್ಲಿ ಕಾರಣವೆಂದು ಬರೆಯಲಾಗದು. ಹದಿನಾರು ವರ್ಷದವರಿಗೆ ದುಡ್ಡಿನ ವ್ಯವಹಾರ ಏನು ತಿಳಿದೀತು ಎಂದು ಒಬ್ಬ ಹಿರಿಯರು ಕೇಳಿದರು. ಸಂವಿಧಾನದ 61ನೇ ತಿದ್ದುಪಡಿಯಿಂದ ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿದ ಕಾರಣ 1989ರ ಚುನಾವಣೆಯಲ್ಲಿ ಹದಿನೆಂಟಕ್ಕೇ ಮತ ಹಾಕಿದವರ ಪೈಕಿ ಅವರೂ ಒಬ್ಬರು ಎಂಬುದನ್ನು ಪಕ್ಕದಲ್ಲಿದ್ದವರು ನೆನಪಿಸಿದ ಮೇಲೆ ಚರ್ಚೆ ನಗುವಿನಲ್ಲಿ ಮುಗಿಯಿತು.

ಆಗಸ್ಟ್

ಸಭೆಯ ಸಮಯ ಬದಲಾಯಿತು. ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದು, "ಯುವಕರು ಬರುವುದೇ ಇಲ್ಲ" ಎಂದು ಕೊರಗುವ ರೂಢಿ ಹಲವು ವರ್ಷಗಳದ್ದು. ಆ ಹೊತ್ತಿನಲ್ಲಿ ಅವರು ಬೇಲೂರಿನ ಅಥವಾ ಹಾಸನದ ಕಾಲೇಜುಗಳಲ್ಲಿರುತ್ತಾರೆ. ಈಗ ಸಭೆ ಭಾನುವಾರ ಮಧ್ಯಾಹ್ನ ಸೇರಿ, ಕತ್ತಲಾಗುವ ಮೊದಲು ಮುಗಿಯುತ್ತದೆ, ಏಕೆಂದರೆ ಮಳೆಗಾಲದಲ್ಲಿ ತೋಟದ ದಾರಿಯಲ್ಲಿ ಕತ್ತಲಾದ ಮೇಲೆ ಹೆಣ್ಣುಮಕ್ಕಳನ್ನು ಯಾವ ಮನೆಯವರೂ ಕಳಿಸುವುದಿಲ್ಲ, ಆನೆಗಳ ಭಯವೂ ಇದೆ.

ನವೆಂಬರ್

ಪಂಚಾಯಿತಿಯ ಮಕ್ಕಳ ಗ್ರಾಮ ಸಭೆಗೆ ಉಪಸಮಿತಿಯವರೂ ಹೋಗಿದ್ದರು. ಕುಂದಾಪುರ ತಾಲ್ಲೂಕಿನಲ್ಲಿ 1990ರ ದಶಕದಲ್ಲಿ ನಡೆದ ಮಕ್ಕಳ ಪಂಚಾಯಿತಿಗಳ ಅನುಭವ ಈ ಪದ್ಧತಿಯ ಹಿಂದಿದೆ. 2006ರಲ್ಲಿ ರಾಜ್ಯ ಸರ್ಕಾರ ಎಲ್ಲ ಗ್ರಾಮ ಪಂಚಾಯಿತಿಗಳೂ ಇಂಥ ಸಭೆ ನಡೆಸಬೇಕೆಂದು ಆದೇಶಿಸಿತು. ಮಕ್ಕಳ ಮಾತನ್ನು ಕೇಳಿಸಿಕೊಳ್ಳುವುದಕ್ಕೆ ಇದು ಒಳ್ಳೆಯ ವೇದಿಕೆ, ಆದರೆ ಅಲ್ಲಿ ಅವರು ಬೇಡಿಕೆ ಸಲ್ಲಿಸುವವರಾಗಿಯೇ ಉಳಿಯುತ್ತಾರೆ.

ಮಕ್ಕಳು ಎಷ್ಟರ ಮಟ್ಟಿಗೆ ನಿಜವಾಗಿ ಭಾಗವಹಿಸುತ್ತಾರೆಂದು ಅಳೆಯಲು ಸಂಶೋಧಕ ರೋಜರ್ ಹಾರ್ಟ್ ಅವರು 1992ರಲ್ಲಿ ಯುನಿಸೆಫ್‌ಗಾಗಿ ರೂಪಿಸಿದ ಎಂಟು ಮೆಟ್ಟಿಲುಗಳ ಏಣಿಯನ್ನು ಮುಂದಿನ ಸಭೆಯಲ್ಲಿ ವಿವರಿಸಿದೆ. ಮಕ್ಕಳನ್ನು ಹಿರಿಯರ ಉದ್ದೇಶಕ್ಕೆ ಬಳಸಿಕೊಳ್ಳುವುದು, ಅಲಂಕಾರಕ್ಕೆ ನಿಲ್ಲಿಸುವುದು, ಹೆಸರಿಗೆ ಮಾತ್ರ ಸೇರಿಸಿಕೊಳ್ಳುವುದು, ಈ ಕೆಳಗಿನ ಮೂರು ಮೆಟ್ಟಿಲುಗಳನ್ನು ಹಾರ್ಟ್ ಭಾಗವಹಿಸುವಿಕೆ ಎಂದೇ ಒಪ್ಪುವುದಿಲ್ಲ. ತುತ್ತತುದಿಯ ಮೆಟ್ಟಿಲು ಮಕ್ಕಳೇ ಎಲ್ಲವನ್ನೂ ನಡೆಸುವುದೆಂದು ಸಭೆಯಲ್ಲಿದ್ದ ಹಲವರು ಊಹಿಸಿದ್ದರು; ವಾಸ್ತವದಲ್ಲಿ ಅದು ಮಕ್ಕಳು ಆರಂಭಿಸಿ, ಹಿರಿಯರೊಂದಿಗೆ ಸೇರಿ ತೀರ್ಮಾನಿಸುವ ಹಂತ. ಖಜಾಂಚಿಯವರಿಗೆ ಇದು ಸಮಾಧಾನ ತಂದಿತು. ನಾವು ಯಾವ ಮೆಟ್ಟಿಲಲ್ಲಿದ್ದೇವೆಂದು ಕೇಳಿದಾಗ ಪಿಯುಸಿ ಓದುವ ಸದಸ್ಯೆಯೊಬ್ಬಳು, "ವಂದನಾರ್ಪಣೆ ಎರಡನೆಯದು, ಚೆಕ್ಕು ಆರನೆಯದು" ಎಂದಳು. ಆರನೆಯದು ಹಿರಿಯರು ಆರಂಭಿಸಿ ಕಿರಿಯರೊಂದಿಗೆ ತೀರ್ಮಾನಿಸುವ ಮೆಟ್ಟಿಲು. ಅವಳ ಲೆಕ್ಕ ಸರಿಯಾಗಿಯೇ ಇತ್ತು.

ಡಿಸೆಂಬರ್‌ನಿಂದ ಫೆಬ್ರವರಿ

ಕಾಫಿ ಕೊಯ್ಲಿನ ಕಾಲ. ಅರೇಬಿಕಾ ಮುಗಿಯುತ್ತಿದ್ದಂತೆ ರೋಬಸ್ಟಾ ಹಣ್ಣಾಗುವುದರಿಂದ ಲೈನ್ ಮನೆಗಳ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳ, ಹುಡುಗ ಹುಡುಗಿಯರು ರಜೆ ಸಿಕ್ಕ ದಿನಗಳಲ್ಲೆಲ್ಲ ಅಪ್ಪ ಅಮ್ಮನ ಜೊತೆ ಹಣ್ಣು ಬಿಡಿಸಲು ಹೋಗುತ್ತಾರೆ, ಕೂಲಿ ಕಿಲೋ ಲೆಕ್ಕದಲ್ಲಿ. ಸಭೆಗೆ ಬರುತ್ತಿದ್ದವರು ತೋಟದ ಮಾಲೀಕರ ಮತ್ತು ನೌಕರರ ಮನೆಯ ಮಕ್ಕಳು ಮಾತ್ರ. ಯುವ ನಾಯಕತ್ವದ ಬಗ್ಗೆ ನಡೆಯುವ ಉಪನ್ಯಾಸಗಳಲ್ಲಿ ಆತ್ಮವಿಶ್ವಾಸ, ಭಾಷಣ ಕಲೆಗಳ ಪ್ರಸ್ತಾಪ ಹೇರಳವಾಗಿರುತ್ತದೆ. ಒಂದು ದಿನದ ಕೂಲಿ ಬಿಟ್ಟು ಸಭೆಗೆ ಬರಲು ಯಾರಿಗೆ ಸಾಧ್ಯ ಎಂಬ ಮಾತು ಬರುವುದೇ ಅಪರೂಪ. ಉಪಸಮಿತಿಯೇ ಇದಕ್ಕೆ ದಾರಿ ಹುಡುಕಿತು: ಕೊಯ್ಲಿನ ತಿಂಗಳುಗಳಲ್ಲಿ ಕೂಲಿ ಬಟವಾಡೆಯ ಸಂಜೆ ಲೈನ್ ಮನೆಗಳ ಅಂಗಳದಲ್ಲೇ ಸಭೆ, ಮತ್ತು ಗೈರುಹಾಜರಾದವರ ಅಭಿಪ್ರಾಯವನ್ನು ಮೊದಲೇ ಕೇಳಿ ಬರೆದುಕೊಳ್ಳದೆ ಯಾವ ಖರ್ಚನ್ನೂ ಒಪ್ಪದಿರುವುದು. ಇದರಿಂದ ಕೆಲಸ ನಿಧಾನವಾಗಿದೆ. ನಿಧಾನವಾದರೂ ಇದೇ ಸರಿಯೆಂದು ನನ್ನ ಅಭಿಪ್ರಾಯ.

ಏಪ್ರಿಲ್

ಶಿಬಿರದ ಬಜೆಟ್ಟು ಅವರದೇ. ಮುಖ್ಯ ಅತಿಥಿಗಳ ಶಾಲು, ಹಾರ, ಮೈಸೂರು ಪೇಟದ ಖರ್ಚನ್ನು ಹೊಡೆದುಹಾಕಿ, ಆ ಹಣವನ್ನು ವಾಚನಾಲಯ ರಾತ್ರಿ ಎಂಟರವರೆಗೆ ತೆರೆದಿರಲು ಬೇಕಾದ ಯುಪಿಎಸ್‌ಗೂ ಸ್ಪರ್ಧಾತ್ಮಕ ಪರೀಕ್ಷೆಗಳ ಪುಸ್ತಕಗಳಿಗೂ ಹಾಕಿದರು. ಹಿರಿಯರ ಪೈಕಿ ಒಬ್ಬರಿಗೆ ಇದು ಅವಮಾನವೆನಿಸಿತು. ಖಜಾಂಚಿಯವರು ಸಹಿ ನಿರಾಕರಿಸಲು ಕಾರಣ ಬರೆಯಲು ಕುಳಿತು, ಬರೆಯದೆಯೇ ಸಹಿ ಹಾಕಿದರು. ನಗದು ಪುಸ್ತಕ ಬರೆಯುವವನು ಬಿ.ಕಾಂ. ವಿದ್ಯಾರ್ಥಿ, ರಸೀದಿಯಿಲ್ಲದ ಖರ್ಚನ್ನು, ಅದು ಹಿರಿಯರದ್ದಾದರೂ, ಅವನು ದಾಖಲಿಸುವುದಿಲ್ಲ. ಸಮಿತಿಯ ಚಹಾದ ಬಿಲ್ಲುಗಳೂ ಈಗ ಬರತೊಡಗಿವೆ.

ಮೇ

ಉಳಿದಿರುವುದು ಉತ್ತರಾಧಿಕಾರದ ಸಮಸ್ಯೆ. ಪದವಿ ಮುಗಿಯುತ್ತಿದ್ದಂತೆ ಬಹುತೇಕರು ಬೆಂಗಳೂರಿಗೆ ಹೊರಡುತ್ತಾರೆ, ಕಲಿತ ಕೆಲಸವೂ ಅವರೊಂದಿಗೇ ಹೋಗುತ್ತದೆ. ಉಪಸಮಿತಿಯ ಅವಧಿಯನ್ನು ಎರಡು ವರ್ಷಕ್ಕೆ ನಿಗದಿಪಡಿಸಿ, ಪ್ರತಿ ವರ್ಷ ಅರ್ಧದಷ್ಟು ಸದಸ್ಯರು ಬದಲಾಗುವಂತೆ ಮಾಡಿ, ಹೊರಡುವವರು ಒಂದು ಶಿಬಿರದ ಲೆಕ್ಕವನ್ನಾದರೂ ಹೊಸಬರ ಜೊತೆ ಕುಳಿತು ಬರೆಯಬೇಕೆಂಬ ಪ್ರಸ್ತಾಪವನ್ನು ಅವರೇ ಸಿದ್ಧಪಡಿಸಿದ್ದಾರೆ. ಜೂನ್‌ನ ಸರ್ವ ಸದಸ್ಯರ ಸಭೆಯಲ್ಲಿ ಇದರ ಜೊತೆಗೆ, ಹದಿನೆಂಟು ತುಂಬಿದ ಇಬ್ಬರಿಗೆ ಕಾರ್ಯಕಾರಿ ಸಮಿತಿಯಲ್ಲೇ ಮತದ ಹಕ್ಕಿರುವ ಸ್ಥಾನ ಕೊಡುವ ಬೈಲಾ ತಿದ್ದುಪಡಿಯೂ ಚರ್ಚೆಗೆ ಬರಲಿದೆ. ಮೊದಲನೆಯದಕ್ಕೆ ವಿರೋಧವಿಲ್ಲ, ಎರಡನೆಯದಕ್ಕೆ ಇದೆ, ಮತಕ್ಕೆ ಹಾಕಿಯೇ ತೀರ್ಮಾನಿಸಬೇಕಾಗುತ್ತದೆ.