ಶಾಲು ಹೊದ್ದುಕೊಂಡೇ ವಾದಕ್ಕೆ ನಿಂತರು

ಹಳೆ ವಿದ್ಯಾರ್ಥಿಗಳ ಸಂಘದವರು ಫೋನ್ ಮಾಡಿ "ಸನ್ಮಾನಿತರ ಪರಿಚಯ ಬರೆದುಕೊಡಿ ಮೇಡಂ, ಒಂದೊಂದು ಪುಟ ಸಾಕು" ಅಂದಾಗ ಜಾಸ್ತಿ ಯೋಚಿಸದೆ ಒಪ್ಪಿಕೊಂಡೆ. ನಮ್ಮ ಕೃಷಿ ಕಾಲೇಜಿನಲ್ಲಿ ವರ್ಷಕ್ಕೊಮ್ಮೆ ನಡೆಯುವ ಕಾರ್ಯಕ್ರಮ ಅದು. ಇಲ್ಲಿ ಓದಿ ಹೆಸರು ಮಾಡಿದ ಕೆಲವರನ್ನು, ಕಾಲೇಜಿಗೆ ಒತ್ತಾಸೆಯಾಗಿ ನಿಂತ ಕೆಲವರನ್ನು ಕರೆದು ಶಾಲು, ಪೇಟ, ಹಣ್ಣಿನ ಬುಟ್ಟಿ ಕೊಟ್ಟು ಗೌರವಿಸುತ್ತಾರೆ. ನಾನು ಬ್ಯಾಂಕಿನಲ್ಲಿ ಕೃಷಿ ಸಾಲ ನೋಡಿಕೊಳ್ಳುವವಳು. ಬೆಳೆ ಸಾಲದ ಫೈಲುಗಳಿಗೆ ವರದಿ ಬರೆದು ಬರೆದು ಕೈ ಪಳಗಿದೆ, ಪರಿಚಯ ಪತ್ರ ಏನು ಮಹಾ ಅನ್ನಿಸಿತು.

ಪಟ್ಟಿ ಮಾಡುವ ಸಭೆಯಲ್ಲೇ ಮೊದಲ ಗಲಾಟೆ. ಒಬ್ಬ ಐಎಎಸ್ ಅಧಿಕಾರಿ, ಬೀಜದ ಕಂಪನಿ ನಡೆಸುವ ಒಬ್ಬರು, ನಿವೃತ್ತ ರಾಗಿ ತಳಿ ವಿಜ್ಞಾನಿ, ದತ್ತಿ ಕೊಟ್ಟ ಒಂದು ದಂಪತಿ. ಎಲ್ಲರೂ ತೂಕದ ಜನರೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪಟ್ಟಿಯಲ್ಲಿ ಈಗ ಉಳುಮೆ ಮಾಡುವವರು ಒಬ್ಬರೂ ಇರಲಿಲ್ಲ. ಕೃಷಿ ಓದಿದವರಲ್ಲಿ ಕೃಷಿ ಮಾಡುವವರು ಕಮ್ಮಿ ಅನ್ನುವುದು ಹೊಸ ಸುದ್ದಿಯೇನಲ್ಲ ಬಿಡಿ. ನಮ್ಮ ಬ್ಯಾಚಿನವರೇ ಇಲಾಖೆಗೆ ಹೋದರು, ಬ್ಯಾಂಕಿಗೆ ಬಂದರು, ಔಷಧಿ ಕಂಪನಿ ಸೇರಿದರು, ಒಂದಿಬ್ಬರು ಪೊಲೀಸ್ ಆದರು. ಕೊನೆಗೆ ವಿಸ್ತರಣಾ ವಿಭಾಗದ ಒಬ್ಬ ಮೇಷ್ಟ್ರು, "ವರ್ಷಾ ವರ್ಷಾ ನಮ್ಮ ಹುಡುಗರನ್ನ ಇಟ್ಟುಕೊಂಡು ಸಾಕ್ತಾರಲ್ಲ ಗೌಡ್ರು, ಅವರು ಒತ್ತಾಸೆ ಅಲ್ವಾ?" ಅಂದರು. ಸಭೆ ಒಂದು ಕ್ಷಣ ಸುಮ್ಮನಾಯಿತು. ಬೇಡ ಅನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಗೊತ್ತಿಲ್ಲದವರಿಗೆ ಹೇಳಬೇಕು. ಬಿಎಸ್ಸಿ ಕೃಷಿಯ ಕೊನೆಯ ವರ್ಷದಲ್ಲಿ ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಒಂದಿದೆ, ನಾವೆಲ್ಲ 'ರಾವೆ' ಅನ್ನುತ್ತೇವೆ. ವಿದ್ಯಾರ್ಥಿಗಳು ಹಳ್ಳಿಯಲ್ಲೇ ಉಳಿಯಬೇಕು, ಒಬ್ಬೊಬ್ಬರು ಒಂದೊಂದು ರೈತ ಕುಟುಂಬದ ಜೊತೆ ಓಡಾಡಬೇಕು, ದೇವಸ್ಥಾನದ ಮುಂದೆ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಬೇಕು, ಬೀಜೋಪಚಾರ ಮಾಡಿ ತೋರಿಸಬೇಕು. ಉಳಿಯೋಕೆ ಮನೆ ಕೊಡುವವರು, ಪ್ರಾತ್ಯಕ್ಷಿಕೆಗೆ ಹೊಲದ ಒಂದು ಮೂಲೆ ಬಿಡುವವರು ಬೇಕಲ್ಲ. ಇಪ್ಪತ್ತು ವರ್ಷದ ಹುಡುಗ ಬಂದು ನಿಮ್ಮ ರಾಗಿ ಹೀಗೆ ಬಿತ್ತಬಾರದು ಅಂತ ಪಾಠ ಹೇಳಿದರೆ ಸಹಿಸಿಕೊಳ್ಳುವ ತಾಳ್ಮೆಯೂ ಬೇಕು. ಕಾಲೇಜಿನ ಲೆಕ್ಕದ ಪುಸ್ತಕದಲ್ಲಿ ಇದ್ಯಾವುದೂ ದೇಣಿಗೆ ಅಂತ ಬರೆದಿರುವುದಿಲ್ಲ.

ಗೌಡರಿಗೆ ಫೋನ್ ಮಾಡಿದೆ. ಏನು ಓದಿದ್ದೀರಿ ಅಂದೆ. "ಏಳನೇ ಕ್ಲಾಸು ಕಣವ್ವ. ಅದೂ ಫೇಲು. ಬರ್ಕೋ, ಪರವಾಗಿಲ್ಲ." ಇನ್ನೇನು ಬರೆಯಲಿ ಅಂತ ಕೇಳಿದ್ದಕ್ಕೆ, "ಬರೆಯೋದು ನಿನ್ನಿಷ್ಟ. ಮೈಕ್ ಕೊಡ್ತಾರಾ? ಒಂದು ಮಾತು ಕೇಳೋದಿತ್ತು" ಅಂದರು. ನೋಡೋಣ ಅಂದೆ. ಬ್ಯಾಂಕಿನವರ ಬಾಯಲ್ಲಿ ಬರುವ ಮೊದಲ ಮಾತೇ ಅದು.

ತಳಿ ವಿಜ್ಞಾನಿಗಳದು ಬೇರೆಯೇ ಕಥೆ. ಪ್ರಶಸ್ತಿಗಳ ಪಟ್ಟಿ ಕೇಳಿದರೆ ರಾಗಿ ಹೂವಿನ ಬಗ್ಗೆ ಶುರು ಮಾಡಿದರು. ರಾಗಿ ತನ್ನಲ್ಲೇ ಪರಾಗಸ್ಪರ್ಶ ಮಾಡಿಕೊಳ್ಳುವ ಗಿಡ, ಹೂವು ಕಣ್ಣಿಗೆ ಕಾಣದಷ್ಟು ಚಿಕ್ಕದು. ಎರಡು ತಳಿ ಕೂಡಿಸಿ ಸಂಕರ ಮಾಡಬೇಕಾದರೆ, ಭತ್ತದಲ್ಲಿ ಮಾಡುವ ಹಾಗೆ ಚಿಮಟದಿಂದ ಕೇಸರ ಕಿತ್ತು ತೆಗೆಯೋದು ದೊಡ್ಡ ತಲೆನೋವು. ಅದಕ್ಕೇ ತೆನೆಯನ್ನು ಹದವಾದ ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದಿ ಪರಾಗವನ್ನು ಸಾಯಿಸುತ್ತಾರೆ. ಇಲ್ಲವೇ ಗಂಡು ತೆನೆ, ಹೆಣ್ಣು ತೆನೆ ಎರಡನ್ನೂ ಒಟ್ಟಿಗೆ ಕಟ್ಟಿ ಬಿಡುತ್ತಾರೆ. ಸರಿ, ಸಂಕರ ಆಗಿದೆಯೋ ಇಲ್ಲವೋ ಗೊತ್ತಾಗೋದು ಹೇಗೆ? ನೇರಳೆ ಬಣ್ಣದ ಗಿಡವನ್ನು ಗಂಡಾಗಿ ಬಳಸಿದ್ದರೆ ಮುಂದಿನ ಪೈರಿನಲ್ಲಿ ನೇರಳೆ ಛಾಯೆ ಇದ್ದದ್ದು ಸಂಕರ, ಹಸಿರಾಗಿಯೇ ಇದ್ದದ್ದು ತಾಯಿಯದ್ದೇ ಬೀಜ. ಸಾಲು ಸಾಲು ಹಸಿರು ಸಸಿಗಳ ನಡುವೆ ಒಂದು ನೇರಳೆ ಸಸಿ ಕಂಡರೆ ಆ ದಿನ ಊಟ ರುಚಿಸುತ್ತಿತ್ತಂತೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಕೂಡಿಸಿ ಇಂಡಾಫ್ ತಳಿಗಳನ್ನು ತಂದದ್ದನ್ನು ಹೇಳುವಾಗ ಮಾತ್ರ ಅವರ ದನಿ ಏರಿತು. ಅವರ ಪ್ರಶಸ್ತಿಗಳ ಪಟ್ಟಿ ಕೊನೆಗೂ ನನಗೆ ಸಿಗಲಿಲ್ಲ.

ದತ್ತಿ ಕೊಟ್ಟ ದಂಪತಿಯ ವಿಷಯಕ್ಕೆ ಬಂದರೆ, ಇಬ್ಬರೂ ಇಲ್ಲೇ ಓದಿದವರು. ಸಾಮಾನ್ಯವಾಗಿ ದತ್ತಿ ಅಂದರೆ ಚಿನ್ನದ ಪದಕ. ಅಸಲನ್ನು ಠೇವಣಿ ಇಟ್ಟು ಅದರ ಬಡ್ಡಿಯಲ್ಲಿ ಪ್ರತಿ ವರ್ಷ ಪದಕ ಮಾಡಿಸಬೇಕು. ಹಿಂದೆ ಇಟ್ಟ ಅಸಲು ಅಷ್ಟೇ ಇರುತ್ತದೆ, ಬಡ್ಡಿ ದರ ಇಳಿಯುತ್ತದೆ, ಚಿನ್ನ ಏರುತ್ತಲೇ ಹೋಗುತ್ತದೆ. ಹೀಗಾಗಿ ಎಷ್ಟೋ ಕಡೆ ಚಿನ್ನದ ಪದಕ ಅನ್ನುವುದು ಈಗ ಚಿನ್ನದ ನೀರು ಕುಡಿದ ಬೆಳ್ಳಿ. ಇವರು ಪದಕವೇ ಬೇಡ, ಹಾಸ್ಟೆಲಿನಲ್ಲಿರುವ ಹೆಣ್ಣುಮಕ್ಕಳ ಮೆಸ್ ಬಿಲ್ಲಿಗೆ ಹಾಕಿ, ಯಾರಿಗೆ ಕೊಟ್ಟಿರಿ ಅಂತ ನಮಗೂ ಹೇಳಬೇಡಿ ಅಂದರಂತೆ. ಮೆಸ್ ಬಿಲ್ ಬಾಕಿ ಉಳಿದು ಪರೀಕ್ಷೆಗೆ ಮುಂಚೆ 'ಬಾಕಿ ಇಲ್ಲ' ಅನ್ನುವ ಸಹಿ ಸಿಗದೆ ಓಡಾಡಿದ ಗೆಳತಿಯರನ್ನು ಕಂಡವಳು ನಾನು, ಆ ಪುಟವನ್ನು ಎಲ್ಲಕ್ಕಿಂತ ಮುತುವರ್ಜಿಯಿಂದ ಬರೆದೆ.

ಕಾರ್ಯಕ್ರಮದ ದಿನ ಎಂದಿನಂತೆ ತಡ. ಮುಖ್ಯ ಅತಿಥಿಗಳು ಮಾತು ಶುರು ಮಾಡಿದ್ದು 1899ರಿಂದ. ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಕಾಲದಲ್ಲಿ ಹೆಬ್ಬಾಳದಲ್ಲಿ ಕೃಷಿ ಪ್ರಯೋಗ ಕೇಂದ್ರ ಆದದ್ದು, 1908ರಲ್ಲಿ ಕೆನಡಾ ಮೂಲದ ಸಸ್ಯರೋಗ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮೈಸೂರಿಗೆ ಬಂದದ್ದು, 1946ರಲ್ಲಿ ಹೆಬ್ಬಾಳದ ಶಾಲೆ ಕಾಲೇಜಾದದ್ದು, 1964ರಲ್ಲಿ ಕೃಷಿ ವಿಶ್ವವಿದ್ಯಾಲಯ ಹುಟ್ಟಿದ್ದು, ಹೀಗೆ ಇಸವಿ ಇಸವಿ ಹಿಡಿದು ಬಂದರು. ಅಡಿಕೆಯ ಕೊಳೆರೋಗಕ್ಕೆ ಕೋಲ್ಮನ್ ಬೋರ್ಡೋ ದ್ರಾವಣ ಹೊಡೆಸಿದ ಕಥೆ ಬಂದಾಗ ಮಾತ್ರ ನನ್ನ ಪಕ್ಕದಲ್ಲಿದ್ದ ಮಲೆನಾಡಿನ ಗೆಳತಿ ತಲೆ ಎತ್ತಿದಳು. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೂರು ಲೀಟರ್ ನೀರು. "ನಮ್ಮಪ್ಪ ಈಗಲೂ ಮಳೆ ಹಿಡಿಯೋ ಮುಂಚೆ ಅದನ್ನೇ ಕಲಸೋದು. ಚಾಕು ಅದ್ದಿ ನೋಡ್ತಾರೆ, ಕೆಂಪು ಹಿಡಿದರೆ ಇನ್ನೂ ಸುಣ್ಣ ಹಾಕು ಅಂತಾರೆ" ಅಂದಳು. ಆಮೇಲೆ ಮತ್ತೆ ಮೊಬೈಲ್ ತೆಗೆದಳು.

ನಾನು ಬರೆದುಕೊಟ್ಟ ಪುಟಗಳಲ್ಲಿ ನಿರೂಪಕರು ಮೇಲಿನ ಎರಡು ಸಾಲು ಓದಿ ಕೆಳಗಿಟ್ಟರು. ಸಮಯ ಇಲ್ಲ ಅಂತೆ. 1899ಕ್ಕೆ ಸಮಯ ಇತ್ತು! ಮೆಸ್ ಬಿಲ್ಲಿನ ಕಥೆ ಅಷ್ಟೊಂದು ಹುಡುಗಿಯರು ಕೂತಿದ್ದ ಸಭೆಗೆ ತಲುಪಲೇ ಇಲ್ಲ. ಶಾಲು, ಪೇಟ, ಫೋಟೋ, ಮುಂದೆ ನಡೀರಿ. ಸನ್ಮಾನಿತರ ಪರವಾಗಿ ಒಬ್ಬರು ಮಾತಾಡಬೇಕಿತ್ತು, ಅದು ಐಎಎಸ್ ಅಧಿಕಾರಿಗಳಿಗೆ ಮೀಸಲು. ಅವರು ಒಳ್ಳೆಯ ಮನುಷ್ಯ. ಎರಡೇ ನಿಮಿಷ ಮಾತಾಡಿ, ಪಕ್ಕದಲ್ಲಿದ್ದ ಗೌಡರು ಏನೋ ಪಿಸುಗುಟ್ಟಿದ್ದು ಕೇಳಿ, ಮೈಕನ್ನು ಅವರ ಕೈಗೆ ದಾಟಿಸಿಬಿಟ್ಟರು.

ಗೌಡರು ಸಭೆ ಕಡೆ ತಿರುಗಲೇ ಇಲ್ಲ. ತಳಿ ವಿಜ್ಞಾನಿಗಳ ಕಡೆ ತಿರುಗಿ, "ಸ್ವಾಮಿ, ನಿಮ್ಮ ಜಿಪಿಯು-28 ರಾಗಿ ತಳಿ ಬೆಂಕಿ ರೋಗ ತಡೀತದೆ, ಅದಕ್ಕೆ ಕೈ ಮುಗೀತೀನಿ. ಆದರೆ ನೀವುಗಳು ಬರೀ ಕಾಳು ನೋಡ್ತೀರಿ. ನನ್ನ ದನಗಳಿಗೆ ಹುಲ್ಲು ಯಾರು ಕೊಡ್ತಾರೆ?" ಅಂದರು.

ಸಭೆಯಲ್ಲಿ ನಗು. ವಿಜ್ಞಾನಿಗಳು ನಗಲಿಲ್ಲ. ಶಾಲು ಸರಿ ಮಾಡಿಕೊಂಡು ಎದ್ದೇ ನಿಂತರು. "ಗೌಡ್ರೇ, ಎತ್ತರ ಬೆಳೆದು ಗೊಬ್ಬರ ಕುಡಿದ ರಾಗಿ ಗಾಳಿಗೆ ಮಲಗುತ್ತೆ. ನಿಮ್ಮ ಊರಲ್ಲಿ ಈಗ ಯಂತ್ರದಲ್ಲಿ ಕೊಯ್ಯಿಸ್ತಾರೋ ಇಲ್ವೋ? ಮಲಗಿದ್ದು ಯಂತ್ರಕ್ಕೆ ಸಿಗುತ್ತಾ?" "ಯಂತ್ರ ದುಡ್ಡಿದ್ದೋರಿಗೆ. ನಾವು ಕುಡುಗೋಲಲ್ಲೇ ಕೊಯ್ಯೋದು. ಮಲಗಿದ್ದನ್ನ ಎತ್ತಿ ಕೊಯ್ತೀವಿ, ಹುಲ್ಲೇ ಹುಟ್ಟದಿದ್ದರೆ ಏನು ಎತ್ತೋದು?" "ನೀವು ಗೊಬ್ಬರ ಎಷ್ಟು ಹಾಕ್ತೀರಿ, ಅದು ಹೇಳಿ ಮೊದಲು." ಗೌಡರು ಹೇಳಿದರು. "ಅದು ಸಾಲದು! ಅದಕ್ಕೇ ಹುಲ್ಲು ಕಮ್ಮಿ" ಅಂದರು ಇವರು. ಗೌಡರು ಒಂದು ಗಳಿಗೆ ಸುಮ್ಮನಾಗಿ, "ಅದೂ ಇರಬಹುದು" ಅಂತ ಒಪ್ಪಿಕೊಂಡರು. ಆಗ ವಿಜ್ಞಾನಿಗಳೂ ತಗ್ಗಿದರು. ತಾವು ಕೆಲಸಕ್ಕೆ ಸೇರಿದಾಗ ಪ್ರಯೋಗದ ತಾಕುಗಳ ಲೆಕ್ಕ ಬರೆಯುವ ಪುಸ್ತಕದಲ್ಲಿ ಕಾಳಿನ ತೂಕ ಮೊದಲ ಕಾಲಂ, ಹುಲ್ಲಿನ ತೂಕ ಕೊನೆಯದು, ಮಳೆ ಬಂದು ಆತುರವಾದರೆ ಆ ಕಾಲಂ ಖಾಲಿ ಬಿಡುತ್ತಿದ್ದೆವು ಅಂದರು. ಹಿಂದಿನ ಸಾಲಿನಲ್ಲಿದ್ದ ಸ್ನಾತಕೋತ್ತರ ಹುಡುಗರು ಅಲ್ಲಿಯವರೆಗೂ ಕೂರದಿದ್ದ ರೀತಿಯಲ್ಲಿ ನೆಟ್ಟಗೆ ಕೂತರು. ನಿರೂಪಕರು ವಂದನಾರ್ಪಣೆ ಅಂತ ಎರಡು ಸಲ ಹೇಳಿದ್ದು ಯಾರಿಗೂ ಬೇಕಿರಲಿಲ್ಲ.

ಊಟಕ್ಕೆ ಅವರಿಬ್ಬರೂ ಒಂದೇ ಸಾಲಿನಲ್ಲಿ ಕೂತು ಅದನ್ನೇ ಮುಂದುವರಿಸಿದರು. ಆ ಹುಡುಗರು ತಟ್ಟೆ ಹಿಡಿದುಕೊಂಡು ಅವರ ಸುತ್ತ ನಿಂತಿದ್ದರು. ಒಬ್ಬಳು ಗೌಡರ ನಂಬರ್ ತೆಗೆದುಕೊಂಡಳು, ಹೊಲದಲ್ಲಿ ಹುಲ್ಲು ತೂಗೋಕೆ ಬರಲಾ ಅಜ್ಜ ಅಂತ ಕೇಳುತ್ತಿದ್ದಳು. "ಬಾ, ತಕ್ಕಡಿ ನೀನೇ ತಾ" ಅಂದರು ಗೌಡರು.

ನಾನು ಸಂಘದ ಗ್ರೂಪಿನಲ್ಲಿ ಅವತ್ತೇ ರಾತ್ರಿ ಬರೆದೆ. ಮುಂದಿನ ಸಲ ಮುಖ್ಯ ಅತಿಥಿ ಬೇಡ, ಸನ್ಮಾನಿತರಿಗೇ ತಲಾ ಹತ್ತು ನಿಮಿಷ ಕೊಡೋಣ, ವಿದ್ಯಾರ್ಥಿಗಳು ಪ್ರಶ್ನೆ ಕೇಳಲಿ ಅಂತ. ಕೆಲವರು ಹೆಬ್ಬೆರಳು ಒತ್ತಿದರು. ಮುಖ್ಯ ಅತಿಥಿ ಇಲ್ಲದಿದ್ದರೆ ಪತ್ರಿಕೆಯವರು ಬರಲ್ಲ ಅಂತ ಒಬ್ಬರು ಬರೆದರು. ಆ ಚರ್ಚೆ ಇನ್ನೂ ಮುಗಿದಿಲ್ಲ. ಈ ನಡುವೆ ಕಾಲೇಜಿನ ಫಾರಂನಲ್ಲಿ ತಾಕಿನ ಕೂಲಿ ಆಳುಗಳ ಮೇಸ್ತ್ರಿಯಾಗಿದ್ದ ಹೆಂಗಸಿನ ಹೆಸರನ್ನೂ ಮುಂದಿನ ಪಟ್ಟಿಗೆ ಹಾಕಿದ್ದೇನೆ. ಆಕೆಯ ಪರಿಚಯ ನಾನೇ ಬರೆಯುತ್ತೇನೆ ಅಂದಿದ್ದೇನೆ, ಈ ಸಲ ಎರಡೇ ಸಾಲು.