ಚಿಮಣಿ ಎಣ್ಣೆ ಹೊತ್ತ ಪೈಲಟ್

"ಯಾರನ್ನೂ ಕೊಂದಿಲ್ಲ ತಂಗಿ. ನಾನು ಚಿಮಣಿ ಎಣ್ಣೆ ಹೊರುತ್ತಿದ್ದೆ."

ಭಾವ ಇಷ್ಟು ಹೇಳಿದ್ದೇ ತಡ, ಮೊದಲು ನಕ್ಕವರು ಶಿಕ್ಷಕರು, ಅವರನ್ನು ನೋಡಿ ಮಕ್ಕಳು. ಪ್ರಶ್ನೆ ಕೇಳಿದ ಹುಡುಗಿ ಮಾತ್ರ ನಗಲಿಲ್ಲ. "ನೀವು ಎಷ್ಟು ಶತ್ರುಗಳನ್ನು ಕೊಂದಿದ್ದೀರಿ?" ಎಂದು ಅವಳು ಚೀಟಿ ನೋಡಿ ಓದಿದ್ದಳು, ಆ ಚೀಟಿಯ ಅಕ್ಷರ ದೊಡ್ಡವರದ್ದೇ ಎಂದು ನನ್ನ ಗುಮಾನಿ. ಸಂಘಟಕ ಮಹಾಶಯರು ತಟಕ್ಕನೆ ಮೈಕ್ ಎಳೆದುಕೊಂಡು, "ಸರ್ ತಮಾಷೆ ಮಾಡುತ್ತಿದ್ದಾರೆ ಮಕ್ಕಳೇ, ವೀರರು ತಮ್ಮ ಸಾಹಸ ಹೇಳಿಕೊಳ್ಳುವುದಿಲ್ಲ" ಎಂದರು. ಜೋರು ಚಪ್ಪಾಳೆ.

ಜುಲೈ 26, ಕಾರ್ಗಿಲ್ ವಿಜಯ ದಿನ ಬಂತೆಂದರೆ ಶಿರಸಿ ಸುತ್ತಮುತ್ತಲಿನ ಮಾಜಿ ಸೈನಿಕರಿಗೆಲ್ಲ ಶಾಲು, ಹಾರ, ಹಣ್ಣಿನ ಬುಟ್ಟಿ. ಬೇಡವೆನ್ನಲು ನಾನ್ಯಾರು? ಆದರೆ ಕರೆದವರು ಕರೆಸಿಕೊಂಡವರ ಮಾತನ್ನೂ ಕೇಳಬೇಕಲ್ಲ. ಇಡೀ ಸೇವೆ ಹೆಲಿಕಾಪ್ಟರ್‌ನಲ್ಲೇ ಕಳೆದ ಮನುಷ್ಯನನ್ನು ಇವರು "ಶತ್ರುವಿನ ಎದೆ ನಡುಗಿಸಿದ ಯುದ್ಧವಿಮಾನದ ಚಾಲಕ" ಎಂದು ಪರಿಚಯಿಸಿದರು. ಮೊದಲೇ ಫೋನಿನಲ್ಲಿ ಕೇಳಿಕೊಂಡಿದ್ದರೆ ಎರಡು ನಿಮಿಷದ ಕೆಲಸ.

ಭಾವ ತಮಾಷೆ ಮಾಡಿರಲಿಲ್ಲ. ಸಿಯಾಚಿನ್‌ನಲ್ಲಿ ನಮ್ಮ ಸೈನಿಕರು ನೆಲೆ ನಿಂತದ್ದು 1984ರ ಏಪ್ರಿಲ್‌ನಲ್ಲಿ. ರಸ್ತೆ ಹಿಮನದಿಯ ಬುಡದವರೆಗೆ ಮಾತ್ರ. ಅಲ್ಲಿಂದ ಮೇಲಿನ ಠಾಣೆಗಳಿಗೆ ಔಷಧವಿರಲಿ, ಮನೆಯ ಕಾಗದವಿರಲಿ, ಆಗ ಚೀತಾ ಹೆಲಿಕಾಪ್ಟರೇ ಗತಿ. ಮಲಗುವ ಜಾಗ ಬೆಚ್ಚಗಾಗಬೇಕಾದರೂ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಹಿಮ ಕರಗಿಸಿ ಕುಡಿಯುವ ನೀರು ಮಾಡಬೇಕಾದರೂ ಅದೇ. ಚೀತಾ ಮೂಲತಃ ಫ್ರಾನ್ಸಿನ ಲಾಮಾ ಹೆಲಿಕಾಪ್ಟರ್; ಇಲ್ಲಿ ಕಟ್ಟಿದ್ದು ಎಚ್‌ಎಎಲ್. ಒಂದೇ ಎಂಜಿನ್, ಐದು ಜನರಿಗೆ ಜಾಗ. ಆದರೆ 19,000 ಅಡಿ ದಾಟಿದ ಮೇಲೆ ಗಾಳಿ ಎಷ್ಟು ತೆಳುವೆಂದರೆ, ಹೊರಬಹುದಾದ ಭಾರ ಒಮ್ಮೊಮ್ಮೆ 20 ಲೀಟರಿನ ಒಂದು ಡಬ್ಬಿಗೇ ಮುಗಿಯುತ್ತದೆ. ಎಂಜಿನ್ ಆರಿಸುವಂತಿಲ್ಲ, ಆರಿಸಿದರೆ ಮತ್ತೆ ಹೊತ್ತಿಕೊಳ್ಳುವ ಭರವಸೆಯಿಲ್ಲ. ರೆಕ್ಕೆ ತಿರುಗುತ್ತಿರುವಾಗಲೇ ಡಬ್ಬಿ ಇಳಿಸಬೇಕು, ಕಾಲು ಹಿಮಹುಣ್ಣಾದ ಹುಡುಗನಿದ್ದರೆ ಹತ್ತಿಸಿಕೊಳ್ಳಬೇಕು, ಹೊರಡಬೇಕು. ಇದನ್ನೇ ಹೇಳಲು ಹೊರಟಿದ್ದರು. ಅಷ್ಟರಲ್ಲಿ ಚಪ್ಪಾಳೆ.

ಮನೆಗೆ ಬರುವಾಗ ಕಾರಿನಲ್ಲಿ ಅಕ್ಕ ಬಹಳ ಹೊತ್ತು ಕಿಟಕಿಯ ಕಡೆಗೇ ನೋಡುತ್ತಿದ್ದಳು. ಆಮೇಲೆ ಇದ್ದಕ್ಕಿದ್ದಂತೆ, "ಅಲ್ಲಿ ಒಂದು ಡಬ್ಬಿ ಚಿಮಣಿ ಎಣ್ಣೆ ತರಲು ಇಬ್ಬರು ಪೈಲಟ್‌ಗಳು, ಒಂದು ಹೆಲಿಕಾಪ್ಟರ್. ಇಲ್ಲಿ ನಾನು ರೇಷನ್ ಕಾರ್ಡು ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದೆ" ಎಂದಳು. ಭಾವ ಗಟ್ಟಿಯಾಗಿ ನಕ್ಕರು. ಅಕ್ಕ ನಗಲಿಲ್ಲ, ಅವಳೇನು ನಗಿಸಲು ಹೇಳಿದ್ದಲ್ಲ.

ಆ ವರ್ಷಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಭಾವ ಲೇಹ್‌ನಲ್ಲಿ, ಅಕ್ಕ ಎರಡು ಮಕ್ಕಳೊಂದಿಗೆ ತೋಟದ ಮನೆಯಲ್ಲಿ. ಮಳೆ ಹಿಡಿದರೆ ವಾರಗಟ್ಟಲೆ ಕರೆಂಟಿಲ್ಲ, ಮಕ್ಕಳ ಓದು ಚಿಮಣಿ ಬುಡದಲ್ಲಿ. ಅಡಿಕೆಗೆ ಕೊಳೆ ರೋಗ ಬಂದರೆ ಮೈಲುತುತ್ತ, ಸುಣ್ಣ ಕಲಸಿ ಮದ್ದು ಹೊಡೆಸುವುದು, ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನನ್ನು ಹುಡುಕಿ ಹಿಡಿದು ತರುವುದು, ಮಾವನವರ ದಮ್ಮಿಗೆ ಔಷಧ, ಎಲ್ಲವೂ ಅವಳ ತಲೆಯ ಮೇಲೆ. ಕಾರ್ಗಿಲ್ ಯುದ್ಧದಲ್ಲಿ, 1999ರ ಮೇ 28ರಂದು, ತೋಲೋಲಿಂಗ್ ಬೆಟ್ಟದ ಬಳಿ ನಮ್ಮ ಎಂಐ-17 ಹೆಲಿಕಾಪ್ಟರನ್ನು ಹೊಡೆದುರುಳಿಸಿದಾಗ ಅದರಲ್ಲಿದ್ದ ನಾಲ್ವರೂ ಹೋದರು. ಅಕ್ಕನ ಕಿವಿಗೆ ಬಿದ್ದದ್ದು "ವಾಯುಪಡೆಯ ಹೆಲಿಕಾಪ್ಟರ್" ಎಂಬಷ್ಟೇ. ಎಂಐ-17 ಬೇರೆ, ಚೀತಾ ಬೇರೆ ಎಂದು ಅವಳಿಗೆ ಹೇಳುವವರು ಯಾರು? ಎಸ್‌ಟಿಡಿ ಬೂತಿನ ಮರದ ಬೆಂಚಿನ ಮೇಲೆ ಮಗನನ್ನು ಮಲಗಿಸಿಕೊಂಡು ಕೂತಿದ್ದಳು. ಆಚೆಯಿಂದ ಭಾವನ ದನಿ ಕೇಳಿದಾಗ ಇವಳು ಮಾತಾಡಿದ್ದು ಗೋಟಡಿಕೆಯ ದರದ ಬಗ್ಗೆ. ಪಕ್ಕದಲ್ಲಿ ನಿಂತಿದ್ದ ನನಗೆ ಆಗ ಸಿಟ್ಟು ಬಂದಿತ್ತು. ಅವಳಿಗೆ ಶಾಲು ಹೊದೆಸಿದವರನ್ನು ನಾನಂತೂ ಕಾಣೆ. ಮೊನ್ನೆಯೂ ಅವಳನ್ನು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಿಸಿದ್ದರು.

ಸಭೆ ಮುಗಿದ ಮೇಲಿನದ್ದನ್ನು ಹೇಳದೆ ಬಿಡಲಾರೆ. ಚಹಾ ಹೊತ್ತಿಗೆ ಆ ಹುಡುಗಿ ನಾಲ್ಕು ಗೆಳತಿಯರನ್ನು ಕಟ್ಟಿಕೊಂಡು ಶಾಲೆಯ ಜಗಲಿಗೆ ಬಂದಳು. ಈ ಸಲ ಕೈಯಲ್ಲಿ ಚೀಟಿ ಇರಲಿಲ್ಲ. "ಎಂಜಿನ್ ನಿಂತುಹೋದರೆ?" ಎಂದಳು. ಭಾವ ಜೇಬಿನಿಂದ ಕಾರ್ಯಕ್ರಮದ ಆಮಂತ್ರಣ ಪತ್ರಿಕೆ ತೆಗೆದು ಉದ್ದಕ್ಕೆ ಒಂದು ಪಟ್ಟಿ ಹರಿದರು. ಅದರ ಮೇಲರ್ಧವನ್ನು ನಡುವೆ ಸೀಳಿ, ಎರಡು ಕಿವಿಗಳನ್ನು ಎದುರುಬದುರಾಗಿ ಮಡಚಿ, ಕೆಳಗಿನ ತುದಿಯನ್ನು ಬಿಗಿಯಾಗಿ ಸುತ್ತಿ, ಜಗಲಿಯಿಂದ ಕೆಳಗೆ ಬಿಟ್ಟರು. ಕಾಗದ ಗಿರಗಿರನೆ ಸುತ್ತುತ್ತ ನಿಧಾನ ಇಳಿಯಿತು. ಸಂಘಟಕರ ಹೆಸರಿದ್ದ ಭಾಗವೇ ರೆಕ್ಕೆಯಾಗಿತ್ತು ಎಂಬುದು ನನ್ನ ಖಾಸಗಿ ಸಂತೋಷ. "ಬೀಳುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆ ತಿರುಗಿಸುತ್ತದೆ. 1972ರಲ್ಲಿ ಫ್ರಾನ್ಸಿನ ಜಾನ್ ಬೂಲೆ ಲಾಮಾವನ್ನು 12,442 ಮೀಟರ್ ಎತ್ತರಕ್ಕೆ ಒಯ್ದಾಗ ಎಂಜಿನ್ ಆರಿಹೋಯಿತು. ಹೀಗೇ ಇಳಿದು ಬಂದ" ಎಂದರು. ಐದೂ ಹುಡುಗಿಯರು ಉಳಿದ ಪತ್ರಿಕೆಗಳನ್ನು ಹುಡುಕಿಕೊಂಡು ಒಳಗೆ ಓಡಿದರು.

ಆಗ ಕಂಬಕ್ಕೆ ಒರಗಿ ನಿಂತಿದ್ದ ಒಬ್ಬರು ಹತ್ತಿರ ಬಂದರು. ಯಾವುದೋ ಮಗುವಿನ ತಂದೆ. "ಸಾರ್, ನಮ್ಮ ಈ ಮೈದಾನದಲ್ಲಿ ಹೆಲಿಕಾಪ್ಟರ್ ಇಳಿಸಬಹುದೇ?" ಹೋದ ಮಳೆಗಾಲದಲ್ಲಿ ಅಣ್ಣನಿಗೆ ಎದೆನೋವು ಬಂದು ಮಣಿಪಾಲಕ್ಕೆ ಒಯ್ಯುವಾಗ ದೇವಿಮನೆ ಘಟ್ಟದಲ್ಲೇ ಜೀವ ಹೋಯಿತಂತೆ. ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾಯಿಲೆ ದೊಡ್ಡದಾದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಕಾರವಾರದವರಾದರೆ ಗೋವಾ. ಹಿಮನದಿಯ ನೆತ್ತಿಯಿಂದ ಹುಡುಗರನ್ನು ಇಳಿಸಿಕೊಂಡು ಬಂದವರನ್ನು ಎದುರಿಗಿಟ್ಟುಕೊಂಡು ನಾವು ಕೇಳಬೇಕಾಗಿದ್ದ ಪ್ರಶ್ನೆ ಇದೇ ಆಗಿತ್ತು. ಕೇಳಿದವರು ಒಬ್ಬರೇ, ಅದೂ ಚಹಾದ ಹೊತ್ತಿಗೆ.

ಭಾವ ಮೈದಾನವನ್ನು ಆ ತುದಿಯಿಂದ ಈ ತುದಿಗೆ ನೋಡಿದರು. "ಮೋಡ ಇಳಿದಿರದಿದ್ದರೆ ಇಳಿಸಬಹುದು. ಆ ಕರೆಂಟಿನ ತಂತಿ ತೆಗೆಸಬೇಕು. ಆದರೆ ಹತ್ತಿಸಿಕೊಂಡು ಹೋಗುವುದು ಎಲ್ಲಿಗೆ? ಪುನಃ ಮಣಿಪಾಲಕ್ಕೇ ತಾನೇ?"

ಅವರು ತಂತಿಯತ್ತ ಒಮ್ಮೆ ನೋಡಿ ಹೇಳಿದರು: "ಹಾಗಾದರೆ ತಂತಿ ಇರಲಿ ಬಿಡಿ ಸಾರ್. ಕರೆಂಟಾದರೂ ಆಗೀಗ ಬರುತ್ತದೆ."